ಅಪ್‌ಡೇಟ್: ಅಪ್ಪನ ನೆನಪಿಗೆ ಬೆಂಚೋ, ಹೂದೋಟವೋ?

ನ್ಯೂಯಾರ್ಕ್‌ನ ಬ್ಯಾಟರಿ ಪಾರ್ಕಿನಲ್ಲಿ ಅಪ್ಪನ ಹೆಸರಲ್ಲಿ ಬೆಂಚಿಗೆ ದುಡ್ಡು ಕೊಡಲೋ, ಹೂದೋಟಕ್ಕೋ ಅಂತ ಕೇಳಿದ್ದೆ. ಹೂದೋಟಕ್ಕೇ ಕೊಟ್ಟೆವು.

ಬೆಂಚಿನ ಆಸೆ ಅಮ್ಮನಿಗೇ ಜಾಸ್ತಿ ಇತ್ತು. ಶನಿವಾರ ಕರೆದುಕೊಂಡು ಹೋದೆ. ಲಿಬರ್ಟಿ ಪ್ರತಿಮೆಗೆ ಫೆರಿ ಹೊರಡುವ ಕಡೆ ಸ್ವಲ್ಪ ಹೊತ್ತು ಕೂತಳು. ಆಮೇಲೆ ಡಚ್ ತೋಟಗಾರ ಪೀಟ್ ಔಡಾಲ್ಫ್ ರೂಪಿಸಿದ ತೋಟಕ್ಕೆ ಬಂದೆವು. ಒಣಗಿದ ಹೂಗಳನ್ನು ಕತ್ತರಿಸದೆ ಹಾಗೇ ಬಿಟ್ಟಿದ್ದರು. ಅಮ್ಮ ಒಂದನ್ನು ಬೆರಳಲ್ಲಿ ಉಜ್ಜಿದಳು. ಅಂಗೈಯಲ್ಲಿ ಸಣ್ಣ ಕಪ್ಪು ಬೀಜಗಳು.

"ನಿಮ್ಮಪ್ಪನೂ ಹೀಗೇ ಬೀಜಕ್ಕೆ ಅಂತ ಬಿಡ್ತಿದ್ರು ಅಲ್ವಾ?"

ಅಲ್ಲಿಗೆ ತೀರ್ಮಾನ ಆಯಿತು. 2012ರಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ಈ ಪಾರ್ಕಿಗೆ ಉಪ್ಪುನೀರು ನುಗ್ಗಿತ್ತು. ಗಿಡಗಳಿಗೆ ವರ್ಷವರ್ಷವೂ ಆರೈಕೆ ಬೇಕು. ಇದನ್ನು ಹೇಳಿ ದಾರಿ ತೋರಿಸಿದ ಎಲ್ಲರಿಗೂ ತುಂಬ ಥ್ಯಾಂಕ್ಸ್. ವಸಂತದಲ್ಲಿ ಅಮ್ಮನ ಜೊತೆ ಮತ್ತೆ ಹೋಗುತ್ತೇನೆ.