ಅಪ್‌ಡೇಟ್: ಹಳೆಯ ಕಾರಿನ ಪೆಟ್ರೋಲ್ ವಾಸನೆಯ ಮೂಲ ಸಿಕ್ಕಿತು

ನಮ್ಮ ಹಳೆಯ ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಕಾರಿನೊಳಗೆ ಪೆಟ್ರೋಲ್ ವಾಸನೆ ಬರುತ್ತಿದೆಯೆಂದು ಹಿಂದೆ ಕೇಳಿದ್ದೆ. ಹೆಚ್ಚಿನವರು ಕಾರ್ಬ್ಯುರೇಟರನ್ನೇ ಶಂಕಿಸಿದ್ದರು. ಆದರೆ ಟ್ಯಾಂಕ್ ತುಂಬಿದ್ದಾಗ, ಅದರಲ್ಲೂ ಬದಿಯಡ್ಕದಿಂದ ಪೆರ್ಲದ ಕಡೆಗಿನ ಏರುತಿರುವುಗಳಲ್ಲಿ ಹೆಚ್ಚುತ್ತಿದ್ದ ವಾಸನೆ, ಟ್ಯಾಂಕ್ ಅರ್ಧಕ್ಕಿಳಿದರೆ ಇಲ್ಲವಾಗುತ್ತಿತ್ತು. ಹಾಗಾದರೆ ದೋಷ ಹಿಂದುಗಡೆ, ಟ್ಯಾಂಕಿನ ಬಳಿಯೇ ಇರಬೇಕೆಂಬ ಕುಂಬಳೆಯ ಮೆಕ್ಯಾನಿಕರ ಮಾತು ನನಗೂ ಸರಿಯೆನಿಸಿತು. ಕಾರನ್ನು ಬಯಲಿನಲ್ಲಿ ನಿಲ್ಲಿಸಿ, ಬ್ಯಾಟರಿಯ ಸಂಪರ್ಕ ತಪ್ಪಿಸಿ ನೋಡಿದಾಗ, ಪೆಟ್ರೋಲ್ ಸುರಿಯುವ ಕೊಳವೆಯನ್ನು ಟ್ಯಾಂಕಿಗೆ ಜೋಡಿಸುವ ರಬ್ಬರ್ ಹೋಸ್, ಅದನ್ನು ಬಿಗಿಯುವ ಕ್ಲಿಪ್ಪಿನ ಅಂಚಿನಲ್ಲಿ ಬಿರುಕುಬಿಟ್ಟಿತ್ತು; ಬೆರಳಿನಿಂದ ಒತ್ತಿದರೆ ಬಿರುಕು ಬಾಯ್ದೆರೆದು ಪೆಟ್ರೋಲಿನ ಪಸೆ ಕಾಣಿಸುತ್ತಿತ್ತು. ಅದನ್ನೂ ಪಕ್ಕದ ಗಾಳಿ ಪೈಪನ್ನೂ ಕ್ಲಿಪ್ಪುಗಳ ಸಮೇತ ಬದಲಾಯಿಸಿದ ಮೇಲೆ ವಾಸನೆ ಪೂರ್ತಿ ನಿಂತಿದೆ. ಅಗ್ಗವೆಂದು ನೀರಿನ ಹೋಸನ್ನು ದಯವಿಟ್ಟು ಯಾರೂ ಹಾಕಿಸಬೇಡಿ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುವುದರಿಂದ, ಅದನ್ನು ತಾಳುವ ಇಂಧನದ ಹೋಸನ್ನೇ ಕೇಳಿ ಪಡೆಯಿರಿ.