ಸೆಪ್ಟೆಂಬರ್‌ನಲ್ಲಿ 9 ದಿನ ಇಟಲಿ: ಡಾಲೊಮೈಟ್ಸ್ ಹತ್ತಬೇಕಾ, ಟಸ್ಕನಿ ಸುತ್ತಬೇಕಾ?

ದೂರದಾರಿ:

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಮೊದಲೆರಡು ವಾರ ಇಟಲಿಯಲ್ಲಿರುತ್ತೇನೆ. ಬರೋದು ಹೋಗೋದು ಕಳೆದರೆ ಸೈಕಲ್ ತುಳಿಯೋಕೆ 9 ದಿನ ಸಿಗುತ್ತದೆ. ರೋಡ್ ಬೈಕ್ ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳುವ ಯೋಚನೆ. ವಾರಕ್ಕೆ ಹತ್ತಿರ ಹತ್ತಿರ 200 ಕಿ.ಮೀ. ತುಳಿಯುತ್ತೇನೆ, ಎಂಟು ಹತ್ತು ಕಿಲೋಮೀಟರ್ ಉದ್ದದ ಏರು ಹತ್ತಿ ಅಭ್ಯಾಸ ಇದೆ, ಆದರೆ 2000 ಮೀಟರ್ ದಾಟಿದ ಎತ್ತರದಲ್ಲಿ ಒಂದು ಸಲವೂ ತುಳಿದಿಲ್ಲ.

ಮನಸ್ಸಿನಲ್ಲಿರೋದು ಸ್ಟೆಲ್ವಿಯೊ, ಗಾವಿಯಾ, ಮೊರ್ಟಿರೊಲೊ, ಸೆಲ್ಲಾ ರೋಂಡಾ, ಜಾವು ಅನ್ನುವ ಪರ್ವತ ದಾರಿಗಳು, ಆಮೇಲೆ ಟಸ್ಕನಿಯ ಟಾರಿಲ್ಲದ ಬಿಳಿ ಮಣ್ಣು ರಸ್ತೆಗಳು, ಕೊನೆಗೆ ಕೋಮೊ ಸರೋವರದ ಮೇಲಿನ ಗಿಸಾಲ್ಲೊ. ವರ್ಷಗಟ್ಟಲೆ ಇಟಲಿಯ ದೊಡ್ಡ ಸೈಕಲ್ ರೇಸ್ ಜಿರೊ ನೋಡಿ ನೋಡಿ ಒಂದೊಂದೇ ಸೇರಿಕೊಂಡ ಹೆಸರುಗಳು ಇವು. ಇಷ್ಟೂ ಆಗುತ್ತಾ? ಆಗದಿದ್ದರೆ ಯಾವುದನ್ನು ಬಿಡಲಿ? ಗೇರ್ ಎಷ್ಟಿರಬೇಕು?

ಏರುಮುಖ:

ಅಷ್ಟೂ ಆಗಲ್ಲ. ಹಟ ಹಿಡಿದರೆ ಅರ್ಧ ರಜೆ ಬಸ್ಸು ರೈಲಿನಲ್ಲೇ ಮುಗಿಯುತ್ತದೆ. ಮ್ಯಾಪಿನಲ್ಲಿ ಎಲ್ಲವೂ ಮೇಲ್ಗಡೆ ಒಟ್ಟಿಗಿದ್ದ ಹಾಗೆ ಕಾಣುತ್ತವೆ. ಆದರೆ ಸ್ಟೆಲ್ವಿಯೊ, ಗಾವಿಯಾ, ಮೊರ್ಟಿರೊಲೊ ಮೂರೂ ಬೊರ್ಮಿಯೊ ಊರಿನ ಕಡೆ, ಸೆಲ್ಲಾ ಮತ್ತು ಜಾವು ಡಾಲೊಮೈಟ್ಸ್‌ನಲ್ಲಿ. ಊರು ಬದಲಿಸಿದಾಗಲೆಲ್ಲ ಒಂದು ದಿನ ಹೋಯಿತು ಅಂತಲೇ ಲೆಕ್ಕ ಹಾಕಿ.

ಮೊದಲ ಸಲ ಹೋಗುವವರಿಗೆ ನಾನು ಹೇಳೋದು ಕೊರ್ವಾರಾ. ಊರೇ 1500 ಮೀಟರ್ ಎತ್ತರದಲ್ಲಿದೆ, ರೂಮಿನ ಬಾಗಿಲಿಂದಲೇ ಏರು ಶುರು. ಅಲ್ಲಿಂದ ಸೆಲ್ಲಾ ರೋಂಡಾ ಅಂದರೆ ಕಾಂಪೊಲೊಂಗೊ, ಪೊರ್ಡೊಯ್, ಸೆಲ್ಲಾ, ಗಾರ್ಡೆನಾ ಅನ್ನುವ ನಾಲ್ಕು ಘಾಟಿಗಳನ್ನು ಹತ್ತಿಳಿದು ಮತ್ತೆ ಅದೇ ಊರಿಗೆ ಬರೋದು. ಐವತ್ತೈದು ಕಿಲೋಮೀಟರಿನ ಒಳಗೆ ಮುಗಿಯುತ್ತದೆ, ಏರು ಮಾತ್ರ ಒಟ್ಟು 1700 ಮೀಟರ್ ಆಸುಪಾಸು. ಕಾಂಪೊಲೊಂಗೊ ಆರು ಕಿಲೋಮೀಟರ್ ಕೂಡ ಇಲ್ಲ, ಕಾಲು ಬಿಸಿ ಮಾಡಿಕೊಳ್ಳೋಕೆ ಸರಿ. ಅದನ್ನು ಇಳಿದರೆ ಅರಬ್ಬಾ, ಅಲ್ಲಿಂದ ಪೊರ್ಡೊಯ್‌ಗೆ 9 ಕಿ.ಮೀ., 33 ಹೇರ್‌ಪಿನ್ ತಿರುವು, ಶೇ 7ರಷ್ಟು ಏರು. ಎಲ್ಲೂ ದಿಢೀರ್ ಅಂತ ಕಡಿದಾಗಲ್ಲ. ಒಂದೇ ಲಯ ಹಿಡಿದು ಕೂತರೆ ಮೇಲೆ ಹೋಗಿ ಮುಟ್ಟುತ್ತೀರಿ, ಮೇಲೆ ಹಳೇ ಕಾಲದ ಸೈಕಲ್ ರೇಸ್ ಚಾಂಪಿಯನ್ ಫೌಸ್ಟೊ ಕೊಪ್ಪಿಯ ಸ್ಮಾರಕ ಇದೆ, ಅಲ್ಲಿ ನಿಂತು ನೀರು ಕುಡಿಯಿರಿ. ಮೂರನೆಯದು ಸೆಲ್ಲಾ. ಗಿಡ್ಡದು, ಆದರೆ ಶೇ 8ರ ಹತ್ತಿರ ಇರುತ್ತದೆ, ಕಾಲು ಅಷ್ಟು ಹೊತ್ತಿಗೆ ಸುಸ್ತಾಗಿರುತ್ತದಲ್ವಾ, ಅದಕ್ಕೇ ನನಗೆ ನಾಲ್ಕರಲ್ಲಿ ಅದೇ ಕಷ್ಟ ಅನ್ನಿಸಿತು. ಗಾರ್ಡೆನಾ ಕೊನೆಯದು, ಹಗುರ.

ಜಾವು ಕೂಡ ಕೊರ್ವಾರಾದಿಂದಲೇ ಆಗುತ್ತದೆ. ಅರಬ್ಬಾ, ಕೊಲ್ಲೆ ಸಾಂತಾ ಲುಚಿಯಾ ಮೇಲೆ ಹೋಗಿ ಜಾವು ಹತ್ತಿ, ಫಾಲ್ಜಾರೆಗೊ, ವಾಲ್ಪರೋಲಾ ಮೇಲೆ ವಾಪಸ್. ಜಾವು ಸುಮಾರು 10 ಕಿ.ಮೀ., ಸರಾಸರಿಯೇ ಶೇ 9ಕ್ಕಿಂತ ಜಾಸ್ತಿ, ಉಸಿರು ತಗೊಳ್ಳೋಕೆ ಸಮತಟ್ಟು ಜಾಗ ಸಿಗಲ್ಲ. ಇದನ್ನು ನಾಲ್ಕನೇ ದಿನಕ್ಕೆ ಇಟ್ಟುಕೊಳ್ಳಿ. ವಾಲ್ಪರೋಲಾ ಹತ್ತಿರ ಮೊದಲ ಮಹಾಯುದ್ಧದ ಹಳೇ ಕೋಟೆಯೊಂದಿದೆ, ಟ್ರೆ ಸಾಸ್ಸಿ ಅಂತ. ಆ ಬಂಡೆಗಳ ನಡುವೆ ಸೈನಿಕರು ಚಳಿಗಾಲ ಕಳೆದರು ಅನ್ನೋದು ಅಲ್ಲಿ ನಿಂತಾಗಲೇ ಮನಸ್ಸಿಗೆ ಇಳಿಯೋದು.

ಇನ್ನೊಂದು ಮಾತು, ಆ ಸೀಮೆಯಲ್ಲಿ ಲಾಡಿನ್, ಜರ್ಮನ್, ಇಟಾಲಿಯನ್ ಮೂರು ಭಾಷೆಯಲ್ಲೂ ಬೋರ್ಡ್ ಇರುತ್ತದೆ, ಒಂದೇ ಊರಿಗೆ ಎರಡು ಮೂರು ಹೆಸರು. ದಾರಿ ತಪ್ಪಿತು ಅಂತ ಗಾಬರಿಯಾಗಬೇಡಿ.

ಬಿಳಿಧೂಳು:

ಏರುಮುಖ ಹೇಳಿದ್ದು ಸರಿ, ಆದರೆ ಎಲ್ಲರೂ ಟಸ್ಕನಿಯನ್ನು ಕೊನೆಗೆ ಉಳಿದ ಎರಡು ದಿನಕ್ಕೆ ತಳ್ಳುತ್ತಾರೆ. ನನಗೆ ಅದು ಸರಿ ಅನ್ನಿಸಲ್ಲ. ಪರ್ವತದಲ್ಲಿ ಒಂದು ಏರು, ಒಂದು ಇಳಿತ, ಲೆಕ್ಕ ಸುಲಭ. ಟಸ್ಕನಿಯ ಗುಡ್ಡಗಾಡು ಕಿಯಾಂಟಿಯಲ್ಲಿ ಹಾಗಲ್ಲ. ಎರಡು ಕಿಲೋಮೀಟರ್ ಏರು, ಒಂದು ಕಿಲೋಮೀಟರ್ ಇಳಿತ, ಮತ್ತೆ ಶೇ 12ರ ಒಂದು ಗೋಡೆ, ದಿನವಿಡೀ ಇದೇ. 100 ಕಿ.ಮೀ. ತುಳಿದರೆ 1500ರಿಂದ 2000 ಮೀಟರ್ ಏರು ಸದ್ದಿಲ್ಲದೆ ಸೇರಿಕೊಂಡಿರುತ್ತದೆ. "ಗುಡ್ಡ ತಾನೇ" ಅಂದುಕೊಂಡು ಹೋದ ಗೆಳೆಯರೆಲ್ಲ ಸಂಜೆ ಮಾತಾಡೋಕೂ ಶಕ್ತಿ ಇಲ್ಲದೆ ಕೂತಿದ್ದನ್ನು ನೋಡಿದ್ದೇನೆ.

ನೆಲೆಗೆ ಗಾಯೊಲೆ ಇನ್ ಕಿಯಾಂಟಿ ಒಳ್ಳೆಯದು. 1997ರಲ್ಲಿ ಲೆರೊಯಿಕಾ ಶುರುವಾದದ್ದು ಅಲ್ಲೇ. ಹಳೇ ಸೈಕಲ್‌ಗಳಲ್ಲಿ ಮಣ್ಣು ರಸ್ತೆಯ ಮೇಲೆ ಸವಾರಿ, ಅದರ ಹಿಂದಿನ ಉದ್ದೇಶ ಆ ಬಿಳಿ ರಸ್ತೆಗಳಿಗೆ ಟಾರು ಬೀಳದಂತೆ ಉಳಿಸಿಕೊಳ್ಳೋದು. ಈಗ ಅದೇ ದಾರಿಗೆ ವರ್ಷವಿಡೀ ಬೋರ್ಡ್ ಇದೆ, ಪೂರ್ತಿ ಸುತ್ತು 209 ಕಿ.ಮೀ. ಒಂದೇ ದಿನ ಬೇಡ, ಮೂರು ತುಂಡು ಮಾಡಿ. ಬ್ರೋಲಿಯೊ ಕೋಟೆಗೆ ಹತ್ತುವ ಬಿಳಿ ರಸ್ತೆ, ಎರಡೂ ಕಡೆ ಸೈಪ್ರೆಸ್ ಸಾಲು, ಬೆಳಿಗ್ಗೆ ಏಳಕ್ಕೆ ಹೋದರೆ ನೀವೊಬ್ಬರೇ. ಇನ್ನೊಂದು ದಿನ ಆಶಾನೊ ಕಡೆ ಹೋಗಿ. ಸ್ಟ್ರಾಡೆ ಬಿಯಾಂಕೆ ರೇಸಿನ ಮೊಂಟೆ ಸಾಂತೆ ಮಾರಿಯೆ ಅನ್ನುವ ಮಣ್ಣಿನ ತುಂಡು ಅಲ್ಲಿದೆ, ಹನ್ನೊಂದೂವರೆ ಕಿಲೋಮೀಟರ್, ಸುತ್ತ ಬೋಳು ಜೇಡಿಮಣ್ಣಿನ ಗುಡ್ಡ, ನೆರಳೇ ಇಲ್ಲ. ನೀರು ಎರಡು ಬಾಟಲಿ ತುಂಬಿಕೊಂಡೇ ಹೊರಡಿ. ಹಿಂದಿನ ರಾತ್ರಿ ಮಳೆ ಬಂದಿದ್ದರೆ ಆ ಕಡೆ ಹೋಗಲೇಬೇಡಿ, ಅಲ್ಲಿನ ಜೇಡಿ ಟೈರಿಗೆ, ಬ್ರೇಕಿಗೆ ಮೆತ್ತಿಕೊಂಡು ಚಕ್ರ ತಿರುಗಲ್ಲ.

ಟೈರ್ ಅಗಲ 28 ಮಿ.ಮೀ.ಗಿಂತ ಸಣ್ಣದು ಬೇಡ, 32 ಸಿಕ್ಕರೆ ಇನ್ನೂ ಒಳ್ಳೆಯದು, ಗಾಳಿ ಸ್ವಲ್ಪ ಕಮ್ಮಿ ಇರಲಿ. ಮಣ್ಣು ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿಯಬೇಡಿ.

ತಿರುವು48:

ಗೇರ್ ಬಗ್ಗೆ ಯಾರೂ ಹೇಳಲಿಲ್ಲ, ಅದನ್ನು ಹೇಳುತ್ತೇನೆ. ನಾನು ಮೊದಲ ಸಲ ಹೋದಾಗ ಬಾಡಿಗೆ ಅಂಗಡಿಯವರು ಹಿಂದಿನ ಕ್ಯಾಸೆಟ್‌ನಲ್ಲಿ (ಹಿಂಚಕ್ರದ ಗೇರ್ ಹಲ್ಲುಚಕ್ರಗಳ ಗೊಂಚಲು) ಅತಿ ದೊಡ್ಡದೇ 28 ಹಲ್ಲಿನದಾಗಿರುವ ಬೈಕ್ ಕೊಟ್ಟರು, ನಾನೂ ನೋಡದೆ ತಂದೆ. ಮಾರನೇ ದಿನ ಮೊರ್ಟಿರೊಲೊ. ಮಾಜ್ಜೊ ಊರಿಂದ 12.4 ಕಿ.ಮೀ., ಸರಾಸರಿ ಶೇ 10.5, ಕೆಲವು ಕಡೆ ಶೇ 18. ಅಲ್ಲಿ ಗಂಟೆಗೆ 7 ಕಿ.ಮೀ. ಹೋದರೂ ದೊಡ್ಡ ಮಾತು. ಆ ವೇಗದಲ್ಲಿ ಮುಂದೆ 34, ಹಿಂದೆ 28 ಇದ್ದರೆ ಪೆಡಲ್ ನಿಮಿಷಕ್ಕೆ 45 ಸುತ್ತು, ಹಿಂದೆ 34 ಇದ್ದರೆ 55. ಆ ಹತ್ತು ಸುತ್ತಿನ ವ್ಯತ್ಯಾಸಕ್ಕೆ ನನ್ನ ಮಂಡಿ ಮೂರು ದಿನ ನೋಯಿತು, ಉಳಿದ ರೈಡ್‌ಗಳೆಲ್ಲ ಹೋದವು. ಬುಕ್ ಮಾಡುವಾಗಲೇ ಮುಂದೆ 34, ಹಿಂದೆ 34 ಬೇಕು ಅಂತ ಬರೆದು ಕೇಳಿ, ಬೈಕ್ ಕೈಗೆ ಬಂದ ಮೇಲೆ ಹಲ್ಲು ಎಣಿಸಿ.

ಇನ್ನು ಸ್ಟೆಲ್ವಿಯೊ. ಪ್ರಾತೊ ಊರಿನ ಕಡೆಯಿಂದ 24 ಕಿ.ಮೀ. ಮೇಲೆ, 1800 ಮೀಟರ್ ಏರು, 48 ತಿರುವು, ತುದಿ 2758 ಮೀಟರ್. ತಿರುವಿಗೆಲ್ಲ ನಂಬರ್ ಕಲ್ಲು, 48ರಿಂದ ಇಳಿಯುತ್ತಾ ಬರುತ್ತದೆ. ಅರ್ಧದವರೆಗೆ ಕಾಡಿನೊಳಗೆ ಏನೂ ಕಾಣಲ್ಲ. 22ನೇ ತಿರುವಿನ ಹತ್ತಿರ ಮರ ಮುಗಿದು ಮೇಲಿನ ಗೋಡೆ ಇಡೀ ಒಮ್ಮೆಗೇ ಎದುರಿಗೆ ಬರುತ್ತದೆ, ನೀವು ಹೋಗಬೇಕಾದ ರಸ್ತೆ ಹೊಲಿಗೆ ಹಾಕಿದ ಹಾಗೆ ಮೇಲಕ್ಕೆ. 1820ರ ದಶಕದಲ್ಲಿ ಆಸ್ಟ್ರಿಯಾದವರು ಕಟ್ಟಿಸಿದ ರಸ್ತೆ ಅದು. ಗಾಡಿ ಎಳೆಯುವ ಕುದುರೆಗೆ ಆಗುವಷ್ಟೇ ಏರು ಇಟ್ಟರು, ಅದಕ್ಕೇ ಉದ್ದ ಇದ್ದರೂ ಮೊರ್ಟಿರೊಲೊದಷ್ಟು ಕಡಿದಲ್ಲ.

ಕಷ್ಟ ಇರೋದು ಇಳಿಯುವಾಗ. ಪ್ರತಿ 100 ಮೀಟರ್ ಎತ್ತರಕ್ಕೆ ಅರ್ಧ ಡಿಗ್ರಿಗಿಂತ ಜಾಸ್ತಿ ಚಳಿ ಏರುತ್ತದೆ, ಅಂದರೆ ಕೆಳಗೆ 22 ಡಿಗ್ರಿ ಇದ್ದರೆ ಮೇಲೆ 10–11. ಬೆವರಿದ ಜೆರ್ಸಿಯಲ್ಲಿ ಹಾಗೇ ಇಳಿದರೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯೋಕೇ ಆಗಲ್ಲ. ಗಾಳಿ ತಡೆಯುವ ಜಾಕೆಟ್, ಪೂರ್ತಿ ಬೆರಳಿನ ಗ್ಲೌಸ್ ಜೇಬಿನಲ್ಲಿರಲಿ. ಬ್ರೇಕ್ ಸುಮ್ನೆ ಹಿಡಿದುಕೊಂಡೇ ಇಳಿಯಬೇಡಿ, ತಿರುವಿನ ಮೊದಲು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡಿ. ಇಲ್ಲದಿದ್ದರೆ ಕಾದುಹೋಗುತ್ತದೆ.

ದೂರದಾರಿ:

ತುಂಬಾ ಥ್ಯಾಂಕ್ಸ್, ಇಷ್ಟು ವಿವರ ಸಿಗುತ್ತೆ ಅಂದುಕೊಂಡಿರಲಿಲ್ಲ. ಹಾಗಾದರೆ ಬೊರ್ಮಿಯೊ, ಕೋಮೊ ಬಿಟ್ಟೆ. ಸ್ಟೆಲ್ವಿಯೊ ಬಿಡೋಕೆ ಸಂಕಟ ಆಗುತ್ತಿದೆ, ಆದರೂ ಅದಕ್ಕೆ ಇನ್ನೊಂದು ಸಲ ಹೋಗುತ್ತೇನೆ. ಕೊರ್ವಾರಾ 5 ದಿನ, ಒಂದು ದಿನ ಪ್ರಯಾಣಕ್ಕೆ, ಗಾಯೊಲೆ 3 ದಿನ. ಒಂದೇ ಬೈಕ್ ಎರಡೂ ಕಡೆ ಒಯ್ಯಬಹುದಾ? ಮತ್ತೆ ಲೈಟ್, ಜಾಕೆಟ್ ಅಂತ ಏನಾದರೂ ನಿಯಮ ಇದೆಯಾ?

ಬಿಳಿಧೂಳು:

ಬೈಕ್ ಒಯ್ಯಬೇಡಿ. ಕೊರ್ವಾರಾದಲ್ಲೇ ವಾಪಸ್ ಕೊಟ್ಟು ಗಾಯೊಲೆ ಕಡೆ ಬೇರೆ ತೆಗೆದುಕೊಳ್ಳಿ. ಡಾಲೊಮೈಟ್ಸ್ ಕಡೆಯ ಬೊಲ್ಜಾನೊ ನಗರದಿಂದ ಟಸ್ಕನಿಯ ಫ್ಲಾರೆನ್ಸಿಗೆ ವೆರೋನಾ, ಬೊಲೋನ್ಯಾ ಮೇಲೆ ರೈಲಿದೆ. ವೇಗದ ರೈಲಿನಲ್ಲಾದರೆ ಸೈಕಲ್ ಬಿಚ್ಚಿ ಚೀಲದೊಳಗೆ ಹಾಕಬೇಕು. ಸೈಕಲ್ ಗುರುತಿರುವ ರಿಜಿಯೊನಾಲೆ ಅನ್ನುವ ಪ್ರಾದೇಶಿಕ ರೈಲಿನಲ್ಲಿ ಹಾಗೇ ಹತ್ತಿಸಬಹುದು, ಆದರೆ ಅದು ಎಲ್ಲಾ ಸ್ಟೇಷನ್‌ನಲ್ಲೂ ನಿಂತು ನಿಂತು ಹೋಗುತ್ತದೆ. ಹೇಗೂ ಎರಡು ಕಡೆಗೂ ಬೇಕಾಗೋದು ಬೇರೆ ಬೇರೆ ಟೈರ್.

ನಿಯಮ ಇದೆ. ಸುರಂಗದೊಳಗೆ ಹೊಳೆಯುವ ವೆಸ್ಟ್ ಅಥವಾ ಪಟ್ಟಿ ಕಡ್ಡಾಯ, ಊರ ಹೊರಗೆ ಸೂರ್ಯ ಮುಳುಗಿ ಅರ್ಧ ಗಂಟೆ ಆದ ಮೇಲೂ ಅಷ್ಟೆ. ಹಿಂದೆ ಮುಂದೆ ಲೈಟ್ ಇರಲಿ. ಊರ ಹೊರಗೆ ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಫ್ಲಾರೆನ್ಸ್‌–ಸಿಯೆನಾ ನಡುವಿನ ದೊಡ್ಡ ನಾಲ್ಕು ಲೇನ್ ರಸ್ತೆಗೆ ಸೈಕಲ್ ಬಿಡಲ್ಲ, ಬದಲಿಗೆ ಗ್ರೆವೆ, ಪಾಂಜಾನೊ, ಕಾಸ್ಟೆಲ್ಲಿನಾ ಮೇಲೆ ಹೋಗುವ ಕಿಯಾಂಟಿಜಾನಾ ಹಿಡಿಯಿರಿ.

ಹಳ್ಳಿ ಅಂಗಡಿಗಳು ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಬಾಗಿಲು ಹಾಕಿರುತ್ತವೆ. ಹಸಿವಾಗುವ ಮೊದಲೇ ಏನಾದರೂ ಕೊಂಡು ಜೇಬಿಗಿಳಿಸಿ. ನಲ್ಲಿ ಮೇಲೆ "ನಾನ್ ಪೊಟಾಬಿಲೆ" ಅಂತಿದ್ದರೆ ಆ ನೀರು ಕುಡಿಯಬೇಡಿ.

ಏರುಮುಖ:

ಒಂದೇ ಒಂದು ಸೇರಿಸುತ್ತೇನೆ. ಹೋದ ಮಾರನೇ ದಿನವೇ ಸೆಲ್ಲಾ ರೋಂಡಾಗೆ ಹೊರಡಬೇಡಿ. ಮೊದಲ ದಿನ ಕಾಂಪೊಲೊಂಗೊ ಮಾತ್ರ ಹತ್ತಿ ಇಳಿದು ಬನ್ನಿ, ಎತ್ತರ ಅಭ್ಯಾಸವಾಗಲಿ, ಬೈಕ್ ಸರಿಯಾಗಿದೆಯಾ ಅಂತಲೂ ಗೊತ್ತಾಗುತ್ತದೆ. ದೊಡ್ಡ ಸುತ್ತಿಗೆ ಬೆಳಿಗ್ಗೆ ಏಳಕ್ಕೇ ಬಿಡಿ. ಹತ್ತರ ಮೇಲೆ ಮೋಟಾರ್‌ಬೈಕು, ಟೂರಿಸ್ಟ್ ಬಸ್ಸು ತುಂಬಿಕೊಳ್ಳುತ್ತವೆ, ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರೋದೂ ಉಂಟು. ವಾರದ ನಡುವಿನ ದಿನ ಆದರೆ ಒಳ್ಳೆಯದು. ವರ್ಷಕ್ಕೆ ಒಂದೆರಡು ದಿನ ಈ ಸುತ್ತಿನ ರಸ್ತೆಗಳಿಗೆ ಮೋಟಾರು ವಾಹನ ಬಿಡೋದೇ ಇಲ್ಲ, ಸೈಕಲ್ ಮಾತ್ರ. ನಿಮ್ಮ ದಿನಗಳಿಗೆ ಅದು ಕೂಡಿ ಬರುತ್ತಾ ಅಂತ ರೂಮ್ ಬುಕ್ ಮಾಡುವ ಮೊದಲೇ ನೋಡಿಕೊಳ್ಳಿ.