ಕೊಂಬಿನ ಕೆಲ್ಟಿಕ್ ದೇವರು ನಮ್ಮ ಪಶುಪತಿಯೇ?

ಪ್ರಶ್ನೆ: ಮೇಡಂ, ಒಂದು ಬೆಳ್ಳಿ ಪಾತ್ರೆಯ ಫೋಟೋ ನೋಡಿದೆ. ಜಿಂಕೆ ಕೊಂಬಿನ ಮನುಷ್ಯ ಕಾಲು ಮಡಚಿ ಕೂತಿದ್ದಾನೆ, ಸುತ್ತ ಪ್ರಾಣಿಗಳು. ಥೇಟ್ ಮೊಹೆಂಜೊದಾರೊ ಮುದ್ರೆ! ಇವನು ಯುರೋಪಿನ ಪಶುಪತಿ ಅಂತ ವಾಟ್ಸಾಪಿನಲ್ಲಿ ಬಂದಿತ್ತು. ನಿಜಾನಾ?

ಉತ್ತರ: ನೋಡಿದ ಕೂಡಲೇ ಹಾಗೆ ಅನಿಸುತ್ತದೆ, ವಿದ್ವಾಂಸರೂ ಇವೆರಡನ್ನು ಹೋಲಿಸಿದ್ದಾರೆ. ಆದರೆ ಒಂದೇ ದೇವರು ಅನ್ನಲು ಆಧಾರವಿಲ್ಲ. ನೀವು ನೋಡಿದ್ದು ಗುಂಡೆಸ್ಟ್ರುಪ್ ಪಾತ್ರೆ, 1891ರಲ್ಲಿ ಡೆನ್ಮಾರ್ಕಿನ ಜೌಗು ನೆಲದಲ್ಲಿ ಸಿಕ್ಕಿದ್ದು. ಫೋಟೋ ದೊಡ್ಡದು ಮಾಡಿ ನೋಡಿ. ಅವನ ಒಂದು ಕೈಯಲ್ಲಿ ಕೊರಳಿಗೆ ಹಾಕುವ ಕಡಗ ಇದೆ, ಇನ್ನೊಂದು ಕೈಯಲ್ಲಿ ಹಾವು, ಆ ಹಾವಿಗೆ ಟಗರಿನ ಕೊಂಬು! ಈ ಹಾವು ಗಾಲ್ ನಾಡಿನ, ಅಂದರೆ ಯುರೋಪಿನ ಹಳೆಯ ಕೆಲ್ಟ್ ಜನರಿದ್ದ ಇಂದಿನ ಫ್ರಾನ್ಸಿನ, ಕೆತ್ತಿದ ಕಲ್ಲುಗಳಲ್ಲೂ ಬರುತ್ತದೆ. ಮೊಹೆಂಜೊದಾರೊ ಮುದ್ರೆಯಲ್ಲಿ ಇಲ್ಲ. ಅಲ್ಲಿರುವುದು ಕೋಣದ ಕೊಂಬು. ಎರಡರ ನಡುವೆ ಸುಮಾರು 2000 ವರ್ಷದ ಅಂತರ ಬೇರೆ.

ಪ್ರಶ್ನೆ: ಆದರೆ ಪಾತ್ರೆಯ ಮೇಲಿನ ಆ ಕೊಂಬಿನವನಿಗೆ ಕೆರ್ನುನ್ನೋಸ್ ಅಂತ ಹೆಸರು ಇದೆಯಲ್ವಾ?

ಉತ್ತರ: ಪಾತ್ರೆಯ ಮೇಲೆ ಹೆಸರೇ ಬರೆದಿಲ್ಲ. ಹೆಸರು ಬಂದಿದ್ದು ಪ್ಯಾರಿಸ್ಸಿನಿಂದ. 1710ರಲ್ಲಿ ನೋಟ್ರ ಡಾಮ್ ಚರ್ಚಿನ ಕೆಳಗೆ ಅಗೆದಾಗ ದೋಣಿಗಾರರು ನಿಲ್ಲಿಸಿದ್ದ ಕಂಬದ ಕಲ್ಲುಗಳು ಸಿಕ್ಕವು, ರೋಮಿನ ಚಕ್ರವರ್ತಿ ಟೈಬೀರಿಯಸ್ ಕಾಲದವು. ಒಂದರಲ್ಲಿ ಗಡ್ಡದ ಮುಖ, ಎರಡೂ ಕೊಂಬಿಗೆ ಒಂದೊಂದು ಕಡಗ ನೇತುಹಾಕಿದೆ, ಮೇಲೆ ಆ ಹೆಸರು. ಅದನ್ನೇ ನಾವು ಉಳಿದ ಕೊಂಬಿನ ಮೂರ್ತಿಗಳಿಗೂ ಹಚ್ಚುತ್ತಿದ್ದೇವೆ. ಹಚ್ಚಿದ್ದು ನಾವು ಅನ್ನುವುದನ್ನು ಮಾತ್ರ ಮರೆಯಬಾರದು.

ಇನ್ನೊಬ್ಬರ ಪ್ರಶ್ನೆ: ಕೆಲ್ಟ್ ಜನರ ಡ್ರೂಯಿಡ್ ಪುರೋಹಿತರು ಏನನ್ನೂ ಬರೆದಿಡಲಿಲ್ಲ ಅಂತಾರೆ. ಮತ್ತೆ ಇಷ್ಟೆಲ್ಲ ಗೊತ್ತಾಗಿದ್ದು ಹೇಗೆ?

ಉತ್ತರ: ಒಳ್ಳೆ ಪ್ರಶ್ನೆ. ಕೆಲವರು 20 ವರ್ಷ ಕೂತು ಪದ್ಯಗಳನ್ನು ಬಾಯಿಪಾಠ ಮಾಡುತ್ತಿದ್ದರು, ವಿದ್ಯೆಯನ್ನು ಬರವಣಿಗೆಗೆ ಇಳಿಸುವುದು ತಪ್ಪು ಎಂದುಕೊಂಡಿದ್ದರು ಅಂತ ಜೂಲಿಯಸ್ ಸೀಸರ್ ಬರೆದಿದ್ದಾನೆ. ಅವನು ಗಾಲ್ ಜನರ ಮೇಲೆ ದಂಡೆತ್ತಿ ಹೋದವನು, ಅವರ ದೇವರುಗಳಿಗೂ ಮರ್ಕ್ಯುರಿ, ಅಪೊಲೊ ಅಂತ ರೋಮಿನ ಹೆಸರನ್ನೇ ಇಟ್ಟ. ಐರ್ಲೆಂಡಿನ ಕೆಲ್ಟಿಕ್ ಕತೆಗಳನ್ನು ಬರೆದಿಟ್ಟವರು ಎಷ್ಟೋ ಶತಮಾನಗಳ ನಂತರದ ಕ್ರೈಸ್ತ ಸನ್ಯಾಸಿಗಳು. ಹಾಗಾಗಿ ನನಗೆ ಮಣ್ಣಲ್ಲಿ ಸಿಕ್ಕ ವಸ್ತುಗಳ ಮೇಲೇ ಜಾಸ್ತಿ ನಂಬಿಕೆ. ಇಂಗ್ಲೆಂಡಿನ ಬಾತ್ ಊರಿನ ಬಿಸಿನೀರಿನ ಬುಗ್ಗೆಯಲ್ಲಿ ಸುಲಿಸ್ ಎಂಬ ದೇವಿಗೆ ಭಕ್ತರು ಹಾಕಿದ ಸುಮಾರು 130 ಸೀಸದ ತಗಡುಗಳು ಸಿಕ್ಕಿವೆ. ಹೆಚ್ಚಿನವು ಕಳ್ಳತನದ ದೂರುಗಳೇ. ಭಾಷೆ ಲ್ಯಾಟಿನ್, ಆದರೆ ದೇವಿ ಆ ನೆಲದವಳು. ಡೊಸಿಮೆಡಿಸ್ ಎಂಬವನ ಎರಡು ಕೈಗವಸು ಕಳುವಾಗಿವೆ. ಕದ್ದವನ ಬುದ್ಧಿಯೂ ಹೋಗಲಿ, ಕಣ್ಣೂ ಹೋಗಲಿ ಅಂತ ಅವನು ದೇವಿಯನ್ನು ಬೇಡಿಕೊಂಡಿದ್ದಾನೆ.